ಒಂದೇ ರಟ್ಟಿನೊಳಗೆ ಎರಡು ಪುಸ್ತಕ

ದಸರೆಗೆ ಪುಸ್ತಕ ಕೊಡುವ ಪದ್ಧತಿ ನಮ್ಮ ಬಳಗದಲ್ಲಿ ನಮ್ಮ ಅಣ್ಣನಿಂದ ಶುರುವಾಯಿತು ಎಂದು ಎಲ್ಲರೂ ಹೇಳುತ್ತಾರೆ. ಹೇಳಲಿ. ಪುಸ್ತಕ ತರುತ್ತಿದ್ದವನು ಅವನು, ಕೊಡುತ್ತಿದ್ದವನು ಅವನು, ಹೊಗಳಿಸಿಕೊಳ್ಳುತ್ತಿದ್ದವನೂ ಅವನೇ. ಯಾರಿಗೆ ಯಾವುದು ಎಂದು ಆರಿಸುತ್ತಿದ್ದವಳು ಮಾತ್ರ ನಾನು. ಈ ಮಾತನ್ನು ಇಷ್ಟು ವರ್ಷ ಹೊಟ್ಟೆಯಲ್ಲಿಟ್ಟುಕೊಂಡು ಸಾಕಾಗಿದೆ.

ನವರಾತ್ರಿಗೆ ಹದಿನೈದು ದಿನ ಇರುವಾಗ ಮದರಾಸಿನ ಕಡೆಯ ಪುಸ್ತಕ ವ್ಯಾಪಾರಿಯೊಬ್ಬ ರೈಲಿನಲ್ಲಿ ಬಳ್ಳಾರಿಗೆ ಬಂದು, ಕೌಲ್ ಬಜಾರಿನ ಒಂದು ಅಂಗಡಿಯ ಕಟ್ಟೆಯ ಮೇಲೆ ಗಂಟು ಬಿಚ್ಚಿ ಕೂಡುತ್ತಿದ್ದ. ಮೇಲೆ ತೆಲುಗು, ನಡುವೆ ತಮಿಳು, ಎಲ್ಲಕ್ಕಿಂತ ಕೆಳಗೆ ಕನ್ನಡ. ಅಣ್ಣ ಇಂಗ್ಲಿಷ್ ಸಾಲೆಯಲ್ಲಿ ಮೇಷ್ಟ್ರು. ಅವನ ಮುಖ ನೋಡಿ ವ್ಯಾಪಾರಿ ಮೂರು ದಿನದ ಮಟ್ಟಿಗೆ ಒಂದು ಗಂಟು ಪುಸ್ತಕವನ್ನು ಮನೆಗೆ ಒಯ್ಯಲು ಬಿಡುತ್ತಿದ್ದ. ಬೇಕಾದ್ದನ್ನು ಇಟ್ಟುಕೊಂಡು ಬೇಡವಾದ್ದನ್ನು ಮರಳಿಸಬೇಕು. ನನ್ನ ಗಂಡ ಕಲೆಕ್ಟರ ಕಚೇರಿಯಲ್ಲಿ ಗುಮಾಸ್ತರು, ನಮ್ಮ ಮನೆ ತವರಿನ ಹಿಂದಿನ ಬೀದಿಯಲ್ಲೇ. ಅವರು ಕಚೇರಿಗೆ ಹೊರಟರೆಂದರೆ ನಾನು ತವರಿನ ನಡುಮನೆಯಲ್ಲಿ ಆ ಗಂಟಿನ ಮುಂದೆ. ಹಾಳೆ ಮಡಿಚದ ಹಾಗೆ, ಅರಿಸಿನದ ಬೆರಳು ತಾಗದ ಹಾಗೆ, ಒಂದಾದ ಮೇಲೊಂದು ಓದಿ ಮುಗಿಸುತ್ತಿದ್ದೆ. ವರ್ಷಕ್ಕೆಲ್ಲ ನನಗೆ ಸಿಗುತ್ತಿದ್ದ ಹೊಸ ಓದು ಅದೇ ಮೂರು ದಿನದ್ದು.

ಓದುವವರೆಲ್ಲ ಒಂದೇ ಥರ ಇರುವುದಿಲ್ಲ ಎಂದು ತಿಳಿಯಲು ಪಂಡಿತರಾಗಬೇಕಾಗಿಲ್ಲ, ಒಂದು ಬಳಗದಲ್ಲಿ ಹುಟ್ಟಿದ್ದರೆ ಸಾಕು. ಕುರುಗೋಡಿನ ನಮ್ಮ ಸೋದರಮಾವ ಓದಿದ್ದನ್ನೆಲ್ಲ ಮಾಡಿ ನೋಡುವವರು. ಒಂದು ವರ್ಷ ನಾನು ಬುದ್ಧಿಯಿಲ್ಲದೆ ಅವರಿಗೆ ಮನೆಮದ್ದಿನ ಪುಸ್ತಕ ಆರಿಸಿಬಿಟ್ಟೆ. ದೀಪಾವಳಿಯೊಳಗೆ ಅವರ ಮನೆಯ ಹನ್ನೊಂದು ಜನರೂ ಔಡಲೆಣ್ಣೆ ಕುಡಿದಿದ್ದರು, ಎತ್ತುಗಳನ್ನೂ ಬಿಟ್ಟಿರಲಿಲ್ಲ. "ಬರೂ ವರ್ಷ ಕಥಿ ಪುಸ್ತಕ ಕಳಸವಾ, ನಮ್ಮ ಹೊಟ್ಟಿ ಉಳೀಲಿ" ಎಂದು ಮಾಮಿ ಬಳ್ಳಾರಿಗೆ ಬರುವವರ ಹತ್ತಿರ ಹೇಳಿ ಕಳಿಸಿದರು. ಅತ್ತಿಗೆಯ ತಾಯಿಗೆ ಓದಲು ಬಾರದು, ಬೇರೆಯವರಿಂದ ಓದಿಸಿ ಕೇಳುತ್ತಿದ್ದರು. ಅವರ ಕಥೆಯಲ್ಲಿ ಯಾರೂ ಸಾಯಕೂಡದು. ಸತ್ತರೆ ಎರಡು ದಿನ ಊಟ ಬಿಡುತ್ತಿದ್ದರು. ಹೀಗಾಗಿ ಅವರಿಗೆಂದು ತೆಗೆದಿಟ್ಟ ಪುಸ್ತಕವನ್ನು ನಾನು ಮೊದಲು ಕೊನೆಯ ಹಾಳೆಯಿಂದ ಓದುತ್ತಿದ್ದೆ. ಇನ್ನು ಅಣ್ಣ ಮುನ್ನುಡಿ ಮಾತ್ರ ಓದುವವನು. ಅಷ್ಟು ಓದಿಕೊಂಡು ಸಂಜೆಯ ಸಭೆಯಲ್ಲಿ ಇಡೀ ಪುಸ್ತಕ ಅರೆದು ಕುಡಿದವನಂತೆ ಮಾತಾಡುತ್ತಿದ್ದ. ಆಗ ನನಗೆ ಅದು ನಗೆಯ ಸಂಗತಿ. ಅಣ್ಣನ ಮೇಲೆ ನನಗೆ ಅಷ್ಟು ಪ್ರೀತಿ ಇತ್ತು.

ಇವರೆಲ್ಲರಿಗಿಂತ ಕಷ್ಟವಾಗಿದ್ದದ್ದು ಸಿರುಗುಪ್ಪದಲ್ಲಿದ್ದ ನಮ್ಮ ಅಕ್ಕನಿಗೆ ಪುಸ್ತಕ ಆರಿಸುವುದು. ಅವಳು ಓದುತ್ತಾಳೆ ಎಂಬುದೇ ಆ ಮನೆಯಲ್ಲಿ ಯಾರಿಗೂ ಗೊತ್ತಾಗಕೂಡದಾಗಿತ್ತು.

ನಮ್ಮಿಬ್ಬರಿಗೂ ಅಕ್ಷರ ಕಲಿಸಿದವನು ಅಣ್ಣನೇ, ಅದನ್ನು ಇಲ್ಲವೆನ್ನಲಾರೆ. ನಡುಮನೆಯ ನೆಲದ ಮೇಲೆ ರಂಗೋಲಿ ಪುಡಿ ಹರಡಿ ಬೆರಳು ಹಿಡಿದು ತಿದ್ದಿಸಿದ್ದ. ಅಕ್ಕನಿಗೆ ಒಂಬತ್ತಕ್ಕೆ ಮದುವೆಯಾಯಿತು, ಹನ್ನೆರಡಕ್ಕೆ ಗಂಡನ ಮನೆಗೆ ಕಳಿಸಿದರು, ಅದೇ ವರ್ಷ ಗಂಡ ಕಾಲರಾದಲ್ಲಿ ಹೋದ. ಓದಿದ ಹೆಂಗಸಿನ ಗಂಡ ಉಳಿಯುವುದಿಲ್ಲ ಎಂದು ಆಗ ಮನೆಮನೆಯಲ್ಲೂ ನಂಬುತ್ತಿದ್ದರು. ಸೊಸೆಗೆ ಅಕ್ಷರ ಬರುತ್ತದೆ ಎಂದು ಗೊತ್ತಾಗಿದ್ದರೆ ಅಂದೇ, ಮಗನನ್ನು ತಿಂದವಳು ಇವಳೇ ಎಂದು ಅವಳ ಅತ್ತೆ ಮಾವ ತೀರ್ಮಾನ ಮಾಡಿಬಿಡುತ್ತಿದ್ದರು. ಅಕ್ಕ ಬಾಯಿಗೆ ಬೀಗ ಹಾಕಿಕೊಂಡು, ಕೆಂಪು ಸೀರೆ ಉಟ್ಟು, ಬೋಳು ತಲೆಯ ಮೇಲೆ ಸೆರಗು ಹೊದ್ದು, ದಿನಕ್ಕೆ ಹತ್ತು ಹನ್ನೆರಡು ಎಲೆಗೆ ಮಡಿಯಲ್ಲಿ ಅಡಿಗೆ ಮಾಡುತ್ತಿದ್ದಳು.

ಅವಳ ಮಾವನವರು ದೊಡ್ಡ ಮನುಷ್ಯರು. ಹೊಳೆಯ ಕಾಲುವೆಯ ಕೆಳಗೆ ಭತ್ತದ ಗದ್ದೆ, ನಮ್ಮ ಸಮಾಜದಲ್ಲಿ ಅವರ ಮಾತಿಗೆ ಎದುರಿಲ್ಲ. ಅವರಿಗೆ ಪುಸ್ತಕದ ಹುಚ್ಚು, ಆದರೆ ಓದುವ ಹುಚ್ಚಲ್ಲ. ಕಣ್ಣಿಗೆ ಪೊರೆ ಬಂದಿತ್ತು. ದೇವರಮನೆಯ ಪಕ್ಕದ ಗೂಡಿನಲ್ಲಿ ಪುಸ್ತಕಗಳನ್ನು ಒಂದೊಂದಾಗಿ ರೇಷ್ಮೆ ವಸ್ತ್ರದಲ್ಲಿ ಸುತ್ತಿಟ್ಟು, ಬಂದವರಿಗೆ ಗಂಟುಗಳನ್ನು ತೋರಿಸಿ ಸಂತೋಷಪಡುತ್ತಿದ್ದರು. ಗೆದ್ದಲು ಹತ್ತಬಾರದೆಂದು ಅವನ್ನು ಹದಿನೈದು ದಿನಕ್ಕೊಮ್ಮೆ ಮಾಳಿಗೆಯ ಮೇಲೆ ಬಿಸಿಲಿಗೆ ಹಾಕಬೇಕಾಗಿತ್ತು. ಆ ಕೆಲಸ ಅಕ್ಕನ ಪಾಲಿಗೆ ಬಂದಿತ್ತು, ಅದೂ ಏಕಾದಶಿಯ ದಿನ. ಅವತ್ತು ಮನೆಯಲ್ಲಿ ಒಲೆ ಹಚ್ಚುವುದಿಲ್ಲ, ಅಡಿಗೆಯವಳಿಗೆ ಬೇರೆ ಕೆಲಸವಿಲ್ಲ. ಹಾಳೆ ಮಗುಚುವ ನೆಪದಲ್ಲಿ ಅವಳು ನೆತ್ತಿ ಸುಡುವ ತನಕ ಓದುತ್ತಿದ್ದಳು. ತಿಂಗಳಿಗೆ ಎರಡು ದಿನ ಹೊಟ್ಟೆ ಬರಿದು, ಕಣ್ಣಿಗೆ ಹಬ್ಬ. ಹೀಗಂತ ಅವಳೇ ನನ್ನ ಮುಂದೆ ನಗುತ್ತ ಹೇಳಿದ್ದಳು.

ಆದರೆ ಆ ಗೂಡಿನಲ್ಲಿ ಇದ್ದದ್ದೆಲ್ಲ ವ್ರತ, ಮಾಹಾತ್ಮ್ಯೆ, ಸ್ತೋತ್ರ. ಮೂರು ವರ್ಷದಲ್ಲಿ ಅವಳಿಗೆ ಎಲ್ಲ ಬಾಯಿಪಾಠವಾಗಿಹೋದವು. ಆಗ ನನಗೆ ಒಂದು ಉಪಾಯ ಹೊಳೆಯಿತು. ಉಪಾಯ ನನ್ನದು ಎಂದು ಇಲ್ಲಿ ಬರೆದಿಡುತ್ತೇನೆ, ಯಾಕೆಂದರೆ ಮುಂದೆ ಅದು ಬೇರೆಯವರ ಹೆಸರಿಗೆ ಹೋಯಿತು.

ಆಗಿನ ಪುಸ್ತಕಗಳು ಮೇಲೆ ಒಂದು ತೆಳು ಬಣ್ಣದ ಕಾಗದ ಅಂಟಿಸಿಕೊಂಡು ಬರುತ್ತಿದ್ದವು. ಬಾಳಿಕೆ ಬೇಕಾದವರು ಕೌಲ್ ಬಜಾರಿನಲ್ಲಿ ರಟ್ಟು ಕಟ್ಟಿಸುತ್ತಿದ್ದರು. ಅಲ್ಲಿ ರಟ್ಟು ಕಟ್ಟುವ ಮುಸಲ್ಮಾನ ಸಾಹೇಬರೊಬ್ಬರಿದ್ದರು. ಅವರಿಂದ ಎರಡು ಪುಸ್ತಕಗಳನ್ನು ಒಂದೇ ರಟ್ಟಿನೊಳಗೆ ಹೊಲಿಸಿದರಾಯಿತು ಎಂದೆ. ಮುಂದಿನ ಅರ್ಧ ಮಾವನವರಿಗೆ ಸಲ್ಲುವ ಮಾಹಾತ್ಮ್ಯೆ, ಹಿಂದಿನ ಅರ್ಧ ಅಕ್ಕನಿಗೆ. ಅಣ್ಣ ಬಿದ್ದು ಬಿದ್ದು ನಕ್ಕ, ನಾಳೆಯೇ ಕಟ್ಟಿಸುತ್ತೇನೆಂದ. ಚರ್ಮದ ಬೆನ್ನು ಬೇಡ, ಚರ್ಮ ಕುದಿಸಿದ ಅಂಟು ಬೇಡ, ಬರೀ ನೂಲಿನ ಬಟ್ಟೆ, ಗೋಧಿ ಹಿಟ್ಟಿನ ಅಂಟು ಎಂದು ಅವನೇ ಹೋಗಿ ಹೇಳಿ ಬಂದ. "ನಮಗ ಗೊತ್ತೈತಿ ಮೇಷ್ಟ್ರೆ, ಅಯ್ನೋರ ಮನಿ ಕೆಲಸ. ಕೈ ತೊಳಕೊಂಡು ಕಟ್ತೀವಿ" ಎಂದರಂತೆ ಸಾಹೇಬರು. ಅವರ ಹೊಲಿಗೆ ಎಷ್ಟು ಚೊಕ್ಕ ಎಂದರೆ ಎರಡು ಪುಸ್ತಕ ಎಲ್ಲಿ ಕೂಡಿವೆ ಎಂದು ಹುಡುಕಬೇಕಾಗುತ್ತಿತ್ತು.

ಮೊದಲ ವರ್ಷ ಮಾವನವರು ಪುಸ್ತಕ ಮುಟ್ಟುವ ಮೊದಲು ಕೇಳಿದರಂತೆ: "ಯಾರು ಕಟ್ಟಿದ್ದು ಇದು?"

"ಮನಿಯೊಳಗ ಹೊಲದದ್ರಿ, ಮಡೀಲೆ" ಎಂದನಂತೆ ಅಣ್ಣ. ಅದನ್ನೂ ನಮ್ಮ ಮುಂದೆ ಹೇಳಿ ನಕ್ಕ. ನಾನೂ ನಕ್ಕೆ. ಒಂದು ವೇಳೆ ಸಿಕ್ಕಿಬಿದ್ದರೆ, ಕಟ್ಟುವವರು ಹಾಳೆ ಬೆರೆಸಿದ್ದಾರೆ ಎಂದು ಹೇಳುವುದು ಎಂದು ನಾವಿಬ್ಬರೂ ಮಾತಾಡಿಕೊಂಡಿದ್ದೆವು. ಈ ಎರಡು ಸುಳ್ಳು ಒಂದಕ್ಕೊಂದು ಕೂಡುವುದಿಲ್ಲ ಎಂಬುದು ಆಗ ಇಬ್ಬರಿಗೂ ಹೊಳೆಯಲಿಲ್ಲ.

ಹೀಗೆ ನಾಲ್ಕು ದಸರೆ ಕಳೆದವು. ವರ್ಷಕ್ಕೊಮ್ಮೆ ಅಪ್ಪನ ಶ್ರಾದ್ಧಕ್ಕೆ, ದಸರೆ ಮುಗಿದ ಹತ್ತನೆಯ ದಿನಕ್ಕೋ ಹನ್ನೆರಡನೆಯ ದಿನಕ್ಕೋ, ಅಕ್ಕ ಬಳ್ಳಾರಿಗೆ ಬರುತ್ತಿದ್ದಳು. ಹಿತ್ತಲಲ್ಲಿ ಪಾತ್ರೆ ತಿಕ್ಕುತ್ತ ಇಬ್ಬರೂ ಹಿಂದಿನ ವರ್ಷದ ಪುಸ್ತಕದ ಹಿಂದಿನರ್ಧದ ಬಗ್ಗೆ ಜಗಳವಾಡುತ್ತಿದ್ದೆವು. ನಾನು ಕಳಿಸಿದ ಒಂದು ಕಥೆಯ ನಾಯಕಿ ಮೂರ್ಛೆ ಹೋಗುವುದು ಬಿಟ್ಟು ಬೇರೇನೂ ಮಾಡುವುದಿಲ್ಲ ಎಂದು ಅವಳಿಗೆ ಸಿಟ್ಟು. "ಅಕೀನ್ನ ಎರಡು ದಿನ ನಮ್ಮ ಅಡಿಗಿಮನೀಗೆ ಕಳಸು, ಮೂರ್ಛಿ ಬಿಡಸ್ತೀನಿ" ಎಂದಳು. ಆಮೇಲೆ ಬೂದಿಯ ಕೈ ಹಾಗೇ ನಿಲ್ಲಿಸಿ ಕೇಳಿದಳು: "ನಮ್ಮ ಹೊಳಿ ಎಲ್ಲಿಗೆ ಹೋಗ್ತದ? ದಿನಾ ಮುಳುಗಿ ಏಳ್ತೀನಿ. ಮುಂದ ಅದು ಎಲ್ಲಿ ಹೋಗ್ತದ ಅಂತ ಯಾರನ್ನ ಕೇಳ್ಲಿ?"

ಮುಂದಿನ ದಸರೆಗೆ ವ್ಯಾಪಾರಿಯ ಗಂಟಿನ ತಳದಲ್ಲಿ ಸಾಲೆಯ ಮಕ್ಕಳ ಭೂಗೋಳ ಸಿಕ್ಕಿತು. ಮಡಿಚಿದ ಒಂದು ನಕಾಶೆ ಇತ್ತು, ಅದರಲ್ಲಿ ತುಂಗಭದ್ರೆ ಒಂದು ಕೂದಲೆಳೆಯಷ್ಟು ಸಣ್ಣಗೆ ಹೊರಟು, ಕೃಷ್ಣೆಗೆ ಸೇರಿ, ಸಮುದ್ರದ ತನಕ ಹೋಗಿತ್ತು. ನಾನು ಬೇರೆ ಪುಸ್ತಕ ನೋಡಲೇ ಇಲ್ಲ. ಯಾರಿಗಾದರೂ ಪುಸ್ತಕ ಆರಿಸುವಾಗ ಅಷ್ಟು ಸಂತೋಷ ಅದಕ್ಕೆ ಮೊದಲು ಆಗಿರಲಿಲ್ಲ, ಆಮೇಲೂ ಆಗಿಲ್ಲ.

ಆ ವರ್ಷ ಅಣ್ಣನಿಗೆ ಒಂದು ತಾಪತ್ರಯ ಬಂದಿತ್ತು. ಸ್ತ್ರೀಯರಿಗೆ ವಿದ್ಯೆ ಬೇಕು ಎಂದು ಅವನು ಊರಿನ ಸಭೆಗಳಲ್ಲಿ ಭಾಷಣ ಮಾಡುತ್ತಿದ್ದ. ಅದಕ್ಕೆ ಯಾರೂ ಏನೂ ಅನ್ನಲಿಲ್ಲ, ಭಾಷಣವನ್ನು ಯಾರೂ ಮೈಗೆ ಹಚ್ಚಿಕೊಳ್ಳುವುದಿಲ್ಲವಲ್ಲ. ಆದರೆ ಸಾಲೆ ನೋಡಲು ಬಂದ ಇಂಗ್ಲಿಷ್ ದೊರೆಯ ಜೊತೆ ಕೂತು ಚಹಾ ಕುಡಿದನೆಂದು ಸುದ್ದಿ ಹಬ್ಬಿತು. ನಮ್ಮ ಸಮಾಜದ ಹಿರಿಯರು ಅವನನ್ನು ಪಂಕ್ತಿಯಿಂದ ಹೊರಗಿಟ್ಟರು. ಊಟಕ್ಕೆ ಕರೆಯುವವರಿಲ್ಲ, ಕರೆದರೆ ಬರುವವರಿಲ್ಲ. ಅತ್ತಿಗೆ ದಿನಾ ಅಳುತ್ತಿದ್ದಳು. ಸಿರುಗುಪ್ಪದ ಮಾವನವರು ಒಮ್ಮೆ ತಮ್ಮ ಮನೆಯ ಸಾಲಿನಲ್ಲಿ ಕೂಡಿಸಿಕೊಂಡು ಊಟ ಹಾಕಿದರೆ ಉಳಿದವರು ಸುಮ್ಮನಾಗುತ್ತಿದ್ದರು. ಆದ್ದರಿಂದ ಆ ವರ್ಷ ಅಣ್ಣ ದೊಡ್ಡ ಆಸೆ ಇಟ್ಟುಕೊಂಡೇ ಪುಸ್ತಕ ಕೊಡಲು ಹೊರಟ. ಶ್ರಾದ್ಧಕ್ಕೆ ಅಕ್ಕನನ್ನು ಕರೆತರಲು ನಾನೂ ಹೊರಟೆ.

ಬಾದನಹಟ್ಟಿಯ ಒಬ್ಬ ರೈತ ಗಾಡಿ ಹೊಡೆದ. ಮೊದಲ ದಿನ ಕುರುಗೋಡಿನಲ್ಲಿ ಮಾಮನ ಮನೆಯಲ್ಲಿ ಇಳಿದೆವು. ಮಾಮ ತಮ್ಮ ಪಾಲಿನ ಪುಸ್ತಕ ಹಿಡಿದು ಅಲ್ಲೇ ಕಟ್ಟೆಯ ಮೇಲೆ ಓದಲು ಕೂತರು. ಮಾಮಿ ನನ್ನ ಕಿವಿಯಲ್ಲಿ "ಇದರಾಗ ಔಷಧ ಇಲ್ಲಲ್ಲ?" ಎಂದರು. ಮರುದಿನ ದಾರಿಯುದ್ದಕ್ಕೂ ಜೋಳದ ಹೊಲ, ಆಮೇಲೆ ಕಾಲುವೆಯ ಹಸಿರು. ಪುಸ್ತಕದ ಗಂಟು ನನ್ನ ತೊಡೆಯ ಮೇಲೆ. "ಅದರಾಗ ಏನೈತ್ರಿ ತಾಯಿ, ಕೂಸಿನ್ಹಂಗ ಹಿಡಕೊಂಡು ಕುಂತೀರಿ?" ಎಂದು ಗಾಡಿಯವ ಕೇಳಿದ. ದೇವರ ಪುಸ್ತಕ ಎಂದೆ.

ವಿಜಯದಶಮಿಯ ಸಂಜೆ ಸಿರುಗುಪ್ಪದ ಆ ಮನೆಯ ಪಡಸಾಲೆ ತುಂಬಿತ್ತು. ಬನ್ನಿ ಕೊಟ್ಟು ಕಾಲಿಗೆರಗುವವರು, ಹರಸುವವರು. ಅಣ್ಣ ಬನ್ನಿ ಎಲೆಯ ಜೊತೆ ಪುಸ್ತಕವನ್ನು ಮಾವನವರ ಮುಂದೆ ಇಟ್ಟು ಸಾಷ್ಟಾಂಗ ಹಾಕಿದ. ಅವರು ಪುಸ್ತಕ ಸವರಿ, ದಪ್ಪ ನೋಡಿ ಸಂತೋಷಪಟ್ಟು, ನಾಡಿದ್ದು ದ್ವಾದಶಿಯ ಪಾರಣೆಗೆ ಇಲ್ಲೇ ಇರು ಎಂದರು. ಎಲ್ಲರೊಡನೆ ಸಾಲಿನಲ್ಲಿ ಊಟಕ್ಕೆ ಕರೆದ ಹಾಗೇ ಅದು. ಅಣ್ಣನ ಮುಖ ಅರಳಿತು. ನಾನು ಒಳಬಾಗಿಲ ಹೊಸ್ತಿಲ ಹತ್ತಿರ ನಿಂತು ಬೇರೆಯೇ ಲೆಕ್ಕ ಹಾಕುತ್ತಿದ್ದೆ. ನಾಳೆ ಏಕಾದಶಿ. ನಾಳೆಯೇ ಅಕ್ಕ ಮಾಳಿಗೆಯ ಮೇಲೆ ನಕಾಶೆ ಬಿಚ್ಚುತ್ತಾಳೆ.

ಯಾತ್ರೆ ಮುಗಿಸಿ ಬಂದಿದ್ದ ಒಬ್ಬ ಆಚಾರ್ಯರು ಆ ಮನೆಯಲ್ಲಿ ಇಳಿದಿದ್ದರು. ಹೊಸ ಗ್ರಂಥ ಬಂದಿದೆ, ಶುಭ ದಿನ, ಶಕುನ ನೋಡೋಣ ಎಂದರು ಅವರು. ಮುಚ್ಚಿದ ಪುಸ್ತಕದೊಳಗೆ ಕಣ್ಣು ಮುಚ್ಚಿ ತುಳಸಿ ದಳ ಸೇರಿಸುವುದು, ಅದು ಸಿಕ್ಕಿಕೊಂಡ ಪುಟದ ಮೊದಲ ಸಾಲು ಆ ಮನೆಗೆ ವರ್ಷದ ಫಲ. ಹಿಂದಿನ ನಾಲ್ಕು ವರ್ಷ ಯಾರೂ ಹೀಗೆ ಮಾಡಿರಲಿಲ್ಲ. ತುಳಸಿ ಮುಂದಿನ ಅರ್ಧಕ್ಕೆ ಹೋಗಲಿ ಎಂದು ಕಂಡ ದೇವರಿಗೆಲ್ಲ ಹರಕೆ ಹೊತ್ತೆ.

ಆಚಾರ್ಯರು ಪುಸ್ತಕ ಬಿಡಿಸಿ, ದೀಪಕ್ಕೆ ಹಿಡಿದು, ರಾಗವಾಗಿ ಎತ್ತಿಕೊಂಡರು: "ಈ ದ್ವೀಪದ ನಿವಾಸಿಗಳು ಗೋಧಿಯ ರೊಟ್ಟಿಯನ್ನೂ ಗೋಮಾಂಸವನ್ನೂ..."

ಗೋಮಾಂಸ ಎಂಬುದನ್ನು ಅವರು ಒಳ್ಳೆಯ ಎಳೆತದಲ್ಲೇ ಹಾಡಿಬಿಟ್ಟಿದ್ದರು. ಆಮೇಲೆ ನಿಂತರು. ಈಗ ನೆನೆದರೆ ನಗು ಬರಬೇಕು, ನನಗೆ ಬರುವುದಿಲ್ಲ.

ಆಚಾರ್ಯರು ತಿಳಿದವರು. ಹಿಂದೆ ಮುಂದೆ ಮಗುಚಿ ನೋಡಿ ಹೇಳಿದರು: "ಕಾಗದ ಬ್ಯಾರೆ, ಅಚ್ಚು ಬ್ಯಾರೆ. ಹೊಲಿಗಿ ಮಾತ್ರ ಒಂದ ಅದ. ಇದು ಅಚ್ಚಿನ ಮನಿ ತಪ್ಪಲ್ಲ. ಹೊಲದವರು ಬೇಕಂತನ ಕೂಡಿಸ್ಯಾರ."

"ಹೊಲದದ್ದು ಇವರ ಮನಿಯೊಳಗನ" ಎಂದರು ಮಾವನವರು. ಪೊರೆಗಣ್ಣನ್ನು ಅಣ್ಣನ ಕಡೆ ತಿರುಗಿಸಿದರು. "ಹೌದಲ್ಲೋ? ವರ್ಷಾ ಹಂಗ ಹೇಳ್ತೀ. ಯಾರು ಹೊಲದದ್ದು?"

ಅಣ್ಣ ಈಗ ಕೌಲ್ ಬಜಾರಿನ ಹೆಸರು ಹೇಳಿದ್ದರೆ ಎಲ್ಲ ಅಲ್ಲಿಗೆ ಮುಗಿಯುತ್ತಿತ್ತು. ಕಟ್ಟುವವರಿಂದ ತಪ್ಪಾಯಿತು, ಕ್ಷಮಿಸಿ ಎಂದರೆ ಸಾಕು. ಬಳ್ಳಾರಿಯಲ್ಲಿದ್ದ ಸಾಹೇಬರಿಗೆ ಅದರಿಂದ ಕೂದಲೂ ಕೊಂಕುತ್ತಿರಲಿಲ್ಲ. ಆದರೆ ನಾಲ್ಕು ವರ್ಷ ದೇವರಮನೆಯ ಪಕ್ಕದಲ್ಲಿ ರೇಷ್ಮೆ ಹೊದ್ದು ಕೂತ ಪುಸ್ತಕಗಳು ಸಾಹೇಬರ ಕೈಯಲ್ಲಿ ಕಟ್ಟಿದ್ದು ಎಂದು ಒಪ್ಪಿಕೊಂಡರೆ ನಾಡಿದ್ದಿನ ಪಂಕ್ತಿ ಇಲ್ಲ. ಅಣ್ಣ ಯೋಚಿಸುತ್ತಿದ್ದದ್ದು ನನಗೆ ಕಾಣುತ್ತಿತ್ತು. ಒಂದು ಸಲ ನನ್ನ ಕಡೆ ನೋಡಿದ. ಅವನು ಧೈರ್ಯ ತಂದುಕೊಳ್ಳುತ್ತಿದ್ದಾನೆ ಎಂದುಕೊಂಡೆ ನಾನು, ಮೂರ್ಖಳು.

"ನನ್ನ ಸಣ್ಣ ತಂಗಿ ಹೊಲದದ್ರಿ" ಎಂದ. "ನನಗ ಇದು ತಿಳೀಲಿಲ್ರಿ. ಹುಡುಗಾಟಕ್ಕ ಇಬ್ಬರಿಗೂ ನಾಕು ಅಕ್ಷರ ತಿದ್ದಿಸಿದ್ದೆ. ಅಕ್ಕ ತಂಗಿ ಇಬ್ಬರೂ ಕೂಡಿ ಹಿಂಗ ಮಾಡ್ಯಾರೇನೋ."

ನನ್ನ ಮೇಲೆ ಹಾಕಿದ್ದಕ್ಕೆ ನನಗೆ ಅಷ್ಟು ನೋವಾಗಲಿಲ್ಲ. ನಾನು ಗಂಡನ ಮನೆಯವಳು, ನನ್ನ ಗಂಡ ಇಂಥದಕ್ಕೆ ತಲೆ ಕೆಡಿಸಿಕೊಳ್ಳುವವರಲ್ಲ. ಆದರೆ "ಇಬ್ಬರಿಗೂ" ಎಂದನಲ್ಲ. ಅಕ್ಕನ ಹೆಸರು ಯಾರೂ ಕೇಳಿರಲಿಲ್ಲ. ಹತ್ತು ವರ್ಷ ಅವಳು ಉಸಿರು ಬಿಗಿಹಿಡಿದು ಮುಚ್ಚಿಟ್ಟದ್ದನ್ನು, ಕಲಿಸಿದವನೇ ತುಂಬಿದ ಪಡಸಾಲೆಯಲ್ಲಿ ತೆಗೆದು ಹಾಕಿದ. ಒಂದು ಹೊತ್ತಿನ ಊಟಕ್ಕಾಗಿ ನಂಬಿಸಿ ಕುತ್ತಿಗೆ ಕೊಯ್ದ. ನನಗೆ ಆಗ ಅನಿಸಿದ್ದು ಇದೇ, ಇವತ್ತಿಗೂ ಬೇರೆ ಮಾತು ಸಿಕ್ಕಿಲ್ಲ.

ಅಕ್ಕನನ್ನು ಕರೆಸಿದರು. ಮಡಿಯಲ್ಲಿದ್ದಳು, ಅಡಿಗೆಮನೆಯಿಂದ ಬಂದು ಗೋಡೆಗೆ ಒತ್ತಿ ನಿಂತಳು. ಮಾವನವರ ಮುಂದೆ ನೆಲದ ಮೇಲೆ ಪುಸ್ತಕ ಬಿಡಿಸಿಟ್ಟಿತ್ತು, ಅವಳಿದ್ದ ಕಡೆಯಿಂದ ಅಕ್ಷರಗಳೆಲ್ಲ ತಲೆಕೆಳಗು.

"ಏನದ ಅಲ್ಲೆ? ಓದು" ಎಂದರು ಮಾವನವರು.

ಅಕ್ಕ ನೋಡಿದಳು. ಆ ಪುಟದ ಪಕ್ಕದಲ್ಲೇ ನಕಾಶೆಯ ಮಡಿಕೆ ಅರ್ಧ ಬಿಚ್ಚಿಕೊಂಡಿತ್ತು. ಅವಳ ಕಣ್ಣು ಅದರ ಮೇಲೆ ಒಂದು ಗಳಿಗೆ ನಿಂತದ್ದನ್ನು ನಾನು ಕಂಡೆ. ನದಿಯ ಗೆರೆ ಅವಳಿಗೆ ಕಂಡಿತೋ ಇಲ್ಲವೋ ಗೊತ್ತಿಲ್ಲ.

"ಇರುವಿ ಹರದಾಡಿದ್ಹಂಗ ಕಾಣಸ್ತಾವ್ರಿ" ಎಂದಳು. "ನನಗ ಅಕ್ಷರ ಬರಂಗಿಲ್ರಿ. ಸಣ್ಣಾಕಿದ್ದಾಗ ಕಲಿಸಿದ್ದು ಆವಾಗ ಮರತದ. ತಂಗಿ ಯಾಕ ಕಳಿಸ್ಯಾಳೋ, ಅಕೀನ್ನ ಕೇಳ್ರಿ."

ನನ್ನ ಕಡೆ ನೋಡಲಿಲ್ಲ. ನನಗೆ ಮೈಯೆಲ್ಲ ಉರಿಯಿತು. ಓದು, ಅಕ್ಕ, ರಾಗವಾಗಿ ಓದಿ ಇವರ ಬಾಯಿ ಮುಚ್ಚಿಸು ಎಂದು ಒಳಗೇ ಕೂಗುತ್ತಿದ್ದೆ. ಎಂಥ ಅವಿವೇಕ! ಓದಿದ್ದರೆ ಆ ಮನೆಯಲ್ಲಿ ಅವಳು ಮರುದಿನ ಬದುಕುವುದು ಹೇಗೆ? ಅದೆಲ್ಲ ಈಗ ಹೇಳಬಲ್ಲೆ. ಅವತ್ತು ಆ ಇಬ್ಬರೂ ಸೇರಿ ನನ್ನನ್ನು ನಡುನೀರಿನಲ್ಲಿ ಕೈಬಿಟ್ಟರು ಎಂದೇ ಅನಿಸಿತ್ತು.

ಮಾವನವರು ನನ್ನನ್ನು ಕೇಳಿದರು. ಹೌದು, ನಾನೇ ಹೊಲಿದೆ, ಹಾಳೆ ದಂಡವಾಗಬಾರದೆಂದು ಕೂಡಿಸಿದೆ, ಒಳಗೆ ಏನಿದೆ ಎಂದು ನೋಡಲಿಲ್ಲ ಎಂದೆ. ಸೂಜಿ ಹಿಡಿದು ಒಂದು ಹಾಳೆಯನ್ನೂ ಹೊಲಿದವಳಲ್ಲ ನಾನು. ಅವರು ನಂಬಿದರೋ, ನಂಬಿದ ಹಾಗೆ ಮಾಡಿದರೋ. ಸೊಸೆಗೆ ಅಕ್ಷರ ಬರುವುದಿಲ್ಲ ಎಂಬುದೇ ಅವರಿಗೂ ಬೇಕಾಗಿತ್ತು, ಮನೆಯ ಮಾನದ ಮಾತು. ಹಿಂದಿನ ನಾಲ್ಕು ಪುಸ್ತಕಗಳನ್ನೂ ತೆಗೆಸಿ, ಕತ್ತರಿಯಿಂದ ಹಿಂದಿನರ್ಧ ಬಿಡಿಸಿ, ಐದನ್ನೂ ಹೊಳೆಗೆ ಬಿಡಿಸಿದರು. ಅವಳ ಹೊಳೆಗೇ. ಅಕ್ಕನನ್ನು ಆ ವರ್ಷ ಶ್ರಾದ್ಧಕ್ಕೆ ಕಳಿಸುವುದಿಲ್ಲ ಎಂದರು. ನಾನು ಇನ್ನು ಆ ಹೊಸ್ತಿಲು ತುಳಿಯಕೂಡದು ಎಂದರು.

ದ್ವಾದಶಿಯ ಬೆಳಿಗ್ಗೆ ಅಣ್ಣ ಪಂಕ್ತಿಯಲ್ಲಿ ಕೂತ. ಬಡಿಸಿದವಳು ಅಕ್ಕ. ಅವನು ಎರಡು ಸಲ ಹುಳಿ ಹಾಕಿಸಿಕೊಂಡದ್ದನ್ನು ಹೊರಗೆ ಗಾಡಿಯ ಹತ್ತಿರ ಕೂತವಳು ಕಿಟಕಿಯಿಂದ ನೋಡಿದೆ.

ಮರಳುವಾಗ ದಾರಿಯಲ್ಲಿ ಅಣ್ಣ ಒಳ್ಳೆಯ ಗೆಲುವಿನಲ್ಲಿದ್ದ. ಕುರುಗೋಡಿನ ಗುಡ್ಡ ಕಾಣುವ ಹೊತ್ತಿಗೆ ನಾನು ಅವನ ಕಡೆ ತಿರುಗಿ ಕೂತೆ. ಆಮೇಲೆ ಕೇಳಿದೆ: "ಅಕಿ ಹೆಸರು ಯಾಕ ತಂದಿ?"

"ಬಾಯಾಗ ಬಂತು" ಎಂದ. "ಈಗೇನಾತು? ಅಕಿ ಜಾಣಿ, ಪಾರಾದಳು. ನಿನಗೇನು ಮಾಡ್ಯಾರ? ಎಲ್ಲಾ ಸರಿಹೋತಲ್ಲ. ಮನ್ಯಾಗ ನಿಮ್ಮ ವೈನಿ ಎಷ್ಟು ಅತ್ತಾಳ ನಿನಗ ಗೊತ್ತದ."

ಗಾಡಿಯವ ಎತ್ತುಗಳನ್ನು ಜೋರಾಗಿ ಗದರಿಸಿದ. ಅವನಿಗೆ ಎಷ್ಟು ತಿಳಿದಿತ್ತೋ. ಕುರುಗೋಡಿನಲ್ಲಿ ಮಾಮಿ ನನ್ನ ಮುಖ ನೋಡಿ ಏನೂ ಕೇಳದೆ ಎಲೆ ಹಾಕಿದರು.

ಇಷ್ಟಕ್ಕೇ ನಿಂತಿದ್ದರೆ, ಅವನು ಹೆದರಿದ, ಹೆದರಿದವರು ಹೀಗೆಲ್ಲ ಮಾಡುತ್ತಾರೆ ಎಂದು ನಾನು ಎಂದಾದರೂ ಸಮಾಧಾನ ಮಾಡಿಕೊಳ್ಳುತ್ತಿದ್ದೆನೇನೋ. ಸಂಕ್ರಾಂತಿಯ ಹೊತ್ತಿಗೆ ನನ್ನ ಗಂಡ ಒಂದು ಸಂಜೆ ಸಭೆಯಿಂದ ಬಂದವರು ಪಂಚೆ ಬದಲಿಸುವ ಮೊದಲೇ ಶುರು ಮಾಡಿದರು.

"ನಿಮ್ಮಣ್ಣ ಇವತ್ತ ಏನು ಮಾತಾಡಿದ್ರು ಅಂತಿ! ಒಂದು ಮನ್ಯಾಗ ಒಬ್ಬಾಕಿ ಬಾಲವಿಧವೆ ಇದ್ದಳಂತ. ಇವರು ಅಕೀಗೆ ಪುರಾಣದ ರಟ್ಟಿನೊಳಗ ಭೂಗೋಳ ಅಡಗಿಸಿ ಕಳಸ್ತಿದ್ರಂತ. ಎಂಥಾ ಉಪಾಯ ನೋಡು! ಜನ ಚಪ್ಪಾಳಿ ಹೊಡದ್ರು. ಮುದುಕರು ಕಣ್ಣು ಒರಸಿಕೊಂಡ್ರು."

"ಆಮ್ಯಾಲೆ ಅಕೀಗೆ ಏನಾತಂತ?" ಎಂದು ಕೇಳಿದೆ.

"ಅಕಿ ಇನ್ನೂ ಓದ್ಲಿಕ್ಕೆ ಹತ್ಯಾಳಂತ" ಎಂದರು.

ನನ್ನ ಗಂಡನಿಗೆ ಯಾವುದೂ ತಿಳಿದಿರಲಿಲ್ಲ, ಅವರಿಗೆ ಹೇಳಲೂ ಇಲ್ಲ. ಒಲೆಯ ಮುಂದೆ ಕೂತು ಸೌದೆ ಮುರಿದೆ. ಬೇಕಾದದ್ದಕ್ಕಿಂತ ಬಹಳ ಮುರಿದೆ. ಮಾವನವರ ಮುಂದೆ ನಮ್ಮನ್ನು ಮಾರಿಕೊಂಡ ಅಣ್ಣ ಸಭೆಯಲ್ಲಿ ನಮ್ಮ ಕಥೆಯನ್ನೇ ಹೇಳಿ ಹೊಗಳಿಸಿಕೊಂಡಿದ್ದ. ಒಂದೇ ತಪ್ಪಿನಿಂದ ಎರಡು ಸಲ ಉಂಡ. ಮುಂದಿನ ದಸರೆಗೆ ಅವನು ಗಂಟು ತಂದಾಗ ಏನು ಹೇಳಬೇಕೆಂದು ಆ ಸಂಜೆಯೇ ನಿಶ್ಚಯ ಮಾಡಿದೆ. ನಿನ್ನ ಬಳಗಕ್ಕೆ ನೀನೇ ಆರಿಸಿಕೋ ಎನ್ನಬೇಕು, ಗಂಟನ್ನು ಕಾಲಿನಿಂದ ಸರಿಸಬೇಕು. ನೀರು ಸೇದುವಾಗ, ಹಿಟ್ಟು ಬೀಸುವಾಗ ಆ ಮಾತುಗಳನ್ನು ಬಾಯಿಪಾಠ ಮಾಡಿದೆ.

ನಡುವೆ ಸಿರುಗುಪ್ಪದ ಸುದ್ದಿ ಬಾದನಹಟ್ಟಿಯ ಗಾಡಿಯವನಿಂದ ಸಿಕ್ಕಿತು. ಅಕ್ಕ ಚೆನ್ನಾಗಿದ್ದಾಳೆ. ಪುಸ್ತಕ ಬಿಸಿಲಿಗೆ ಹಾಕುವ ಕೆಲಸ ಈಗಲೂ ಅವಳದೇ, ಆದರೆ ಮಾವನವರು ಪಕ್ಕದಲ್ಲೇ ಮಣೆ ಹಾಕಿಕೊಂಡು ಕೂಡುತ್ತಾರೆ. "ಕಣ್ಣು ಕಾಣಂಗಿಲ್ಲ ಪಾಪ, ಆದ್ರೂ ಕುಂತಿರ್ತಾರ" ಎಂದ ಅವನು. ಕಣ್ಣು ಕಾಣದವರ ಪಕ್ಕದಲ್ಲಿ ಕೂತು ಅಕ್ಕ ಓದಬಲ್ಲಳು ಎಂದು ನನಗೆ ಕೂಡಲೇ ಹೊಳೆಯಿತು. ಸಣ್ಣದೊಂದು, ಹತ್ತೇ ಹಾಳೆಯದು ಸಾಕು, ಮಾಹಾತ್ಮ್ಯೆಯ ನಡುವೆ ಸೇರಿಸಿದರೆ ತುಳಸಿಗೂ ಸಿಗುವುದಿಲ್ಲ.

ದಸರೆ ಬಂತು. ಅಣ್ಣ ಏನೂ ಆಗದವನಂತೆ ಗಂಟು ತಂದು ನನ್ನ ಮುಂದೆ ಇಟ್ಟ. "ನೋಡವಾ, ಯಾರಿಗೆ ಯಾವ್ದು ತಗದಿಡು. ಸಿರುಗುಪ್ಪಕ್ಕ ಮಾತ್ರ ಹುಷಾರು. ಬರೀ ದೇವರದು ಇರ್ಲಿ. ಮತ್ತ ಏನರ ಮಾಡಿದಿ ಅಂದ್ರ ನಾ ಗಂಟು ತರೂದ ಬಿಡ್ತೀನಿ" ಎಂದ.

ವರ್ಷವೆಲ್ಲ ಬಾಯಿಪಾಠ ಮಾಡಿದ ಮಾತು ಗಂಟಲ ತನಕ ಬಂತು. ಗಂಟಿನ ಒಂದು ಮೂಲೆ ಬಿಚ್ಚಿಕೊಂಡಿತ್ತು. ಹೊಸ ಅಚ್ಚಿನ ವಾಸನೆ ಬರುತ್ತಿತ್ತು. ಸಮುದ್ರದ ಮೇಲೆ ಹೋದ ಒಬ್ಬನ ಕಥೆ ಮೇಲೆಯೇ ಕಾಣುತ್ತಿತ್ತು, ತೆಳ್ಳಗಿನದು.

ಗಂಟು ನಿಂತರೆ ನನ್ನ ವರ್ಷದ ಓದೂ ನಿಂತಂತೆ. ನಾನು ಕೂತೆ. ಮೂರು ದಿನ ಓದಿದೆ. ಸಮುದ್ರದ ಕಥೆಯನ್ನು ಎರಡು ಸಲ ಓದಿ ವ್ಯಾಪಾರಿಗೆ ಮರಳಿಸುವ ಕಡೆ ಇಟ್ಟೆ. ಮಾಮನಿಗೆ, ಅತ್ತಿಗೆಯ ತಾಯಿಗೆ ಎಲ್ಲ ಆರಿಸಿದೆ. ಸಿರುಗುಪ್ಪಕ್ಕೆ ಒಂದು ವ್ರತದ ಪುಸ್ತಕ ತೆಗೆದು "ಇದೊಂದ ಸಾಕು" ಎಂದೆ. ಅದು ಒಂಟಿಯಾಗಿಯೇ ಕೌಲ್ ಬಜಾರಿಗೆ ಹೋಗಿ ರಟ್ಟು ಹಾಕಿಸಿಕೊಂಡು ಬಂತು.

ಅದನ್ನು ಮುಂದಿನ ಏಕಾದಶಿಗೆ ಅಕ್ಕ ಬಿಸಿಲಿಗೆ ಒಯ್ದಿರುತ್ತಾಳೆ. ಕೈಯಲ್ಲಿ ಹಿಡಿದ ಕೂಡಲೇ ತೂಕ ತಿಳಿಯುತ್ತದೆ, ಬಿಡಿಸಿ ನೋಡಬೇಕಾಗಿಲ್ಲ. ಅವಳಿಗೆ ಪುಸ್ತಕ ಆರಿಸುವವಳು ನಾನು ಎಂದು ಅಣ್ಣನನ್ನು ಬಿಟ್ಟರೆ ಈ ಲೋಕದಲ್ಲಿ ಗೊತ್ತಿದ್ದದ್ದು ಅವಳೊಬ್ಬಳಿಗೇ. ಈ ಸಲ ಕೈಬಿಟ್ಟವನು ಅಣ್ಣನಲ್ಲ ಎಂಬುದೂ ಗೊತ್ತಾಗಿರಬೇಕು.